ಎಲ್ಲರೂ ಹೊರಗೆ

ಪೆಟ್ಟಿಗೆ ಎದೆಗವಚಿ ಜೀಪಿಳಿದೆ. ದಿನದ ಮೊದಲ ಮನೆ.
ವರ್ಕಾಡಿ ಗುಡ್ಡದ ಮುರಕಲ್ಲ ಮೆಟ್ಟಿಲು,
ಹಿಂದೆ ಕ್ಯಾಮೆರಾ ಹೊತ್ತ ಹುಡುಗ, ಅವನ ಹಿಂದೆ
ಕನ್ನಡ ಬಾರದ ಪಯ್ಯನ್ನೂರಿನ ಪೊಲೀಸು.

ಜಗಲಿಯಲ್ಲಿ ಕುರ್ಚಿ ಹಾಕಿ ಕಾದಿದ್ದರು ಸೆವ್ರಿನ್ ಬಾಯಿ.
ಎಂಬತ್ತೇಳು. ಕಾಲು ಏಳದು, ನಾಲಗೆಗೆ ದಣಿವಿಲ್ಲ.
"ಬಂದಿರಾ ಮಾಷ್ಟ್ರೇ? ರೋಮಿನಲ್ಲೂ ಹೀಗೇ ಅಂತೆ,
ಕಾಯಿಲೆ ಬಿದ್ದ ಕಾರ್ಡಿನಲರ ಕೋಣೆಗೆ ಮೂವರು
ಬೀಗದ ಪೆಟ್ಟಿಗೆ ಹಿಡಿದು ಹೋಗುವುದಂತೆ.
ಅದಕ್ಕೂ ಮೊದಲು ತೆರೆದು ತೋರಿಸಬೇಕು, ಖಾಲಿ ಅಂತ.
ನಿಮ್ಮದೂ ತೋರಿಸಿ."

ತೋರಿಸಿದೆ. ಒಳಗೊಂದು ಇರುವೆ.
ಅದನ್ನೂ ಊದಿ ಓಡಿಸಿದರು.

ಐವತ್ತು ವರ್ಷ ಇಗರ್ಜಿಯ ಪೀಠಕ್ಕೆ ಬಟ್ಟೆ ಹೊಲಿದವರು,
ಕಾನೂನನ್ನೂ ಹೊಲಿಗೆಯ ಕಡೆಯಿಂದಲೇ ಓದುತ್ತಾರೆ:
"ಚೀಟಿ ಓದಿ ಮುಗಿದ ಮೇಲೆ ಸೂಜಿಗೆ ನೂಲು ಪೋಣಿಸಿ
‘ಆರಿಸುತ್ತೇನೆ’ ಅನ್ನುವ ಪದಕ್ಕೇ ಚುಚ್ಚಬೇಕು.
ಹೆಸರಿಗಲ್ಲ, ನೋಡಿ. ಹೆಸರಿಗೆ ನೋವಾಗಬಾರದು.
ಕೊನೆಗೆ ನೂಲಿನ ತುದಿಗೆ ಗಂಟು, ಆಮೇಲೆ ಒಲೆಗೆ.
ಎಲ್ಲ ಗಂಡಸರು. ಗಂಟು ಹಾಕಲು ಬರುತ್ತದೋ ಇಲ್ಲವೋ."

ಕಾಗದ ಬಿಡಿಸಿದೆ. ಮೇಲೆ ಮಲಯಾಳ, ಕೆಳಗೆ ಕನ್ನಡ.
ಜಪ ಕೊಂಕಣಿಯಲ್ಲಿ, ಜಗಳ ತುಳುವಿನಲ್ಲಿ,
ಸಹಿ ಮಾತ್ರ ಐದನೇ ಕ್ಲಾಸಿನ ಕನ್ನಡ.
"ಅಲ್ಲಿ ಕೈಬರಹ ಯಾರದೆಂದು ತಿಳಿಯದ ಹಾಗೆ ಬರೆಯಬೇಕಂತೆ.
ನನಗೆ ಆ ಕಷ್ಟ ಇಲ್ಲ," ನಡುಗುವ ಬೆರಳೆತ್ತಿದರು,
"ನನ್ನ ಅಕ್ಷರ ಈಗ ನನಗೇ ಗುರುತಿಲ್ಲ."

ರಟ್ಟಿನ ಮರೆ ನಿಲ್ಲಿಸಿದೆವು. ಮೊಮ್ಮಗ ಲಿಗೋರಿ ಬಗ್ಗಿದ,
"ಅಜ್ಜಿಗೆ ಕಣ್ಣು ಮಂಜು, ನಾನೇ ಹಾಕ್ತೇನೆ."
ಬಾಯಿ ನೋಡಿದರು,
ಅಂಗಳದಿಂದ ಕೋಳಿ ಎಬ್ಬುವ ನೋಟ.
"ಹೊರಗೆ. ಎಲ್ಲರೂ ಹೊರಗೆ."

ಪೊಲೀಸನಿಗೂ ಅರ್ಥವಾಯಿತು.

ಗೇರುಮರದಡಿ ನಿಂತೆವು, ಬಹಳ ಹೊತ್ತು.
ಹಣ್ಣೊಂದು ಬಿತ್ತು. ಇನ್ನೊಂದು.
ಹುಡುಗನ ಕ್ಯಾಮೆರಾದಲ್ಲಿ ಬರೀ ಬಾಗಿಲು.
ಹೆಂಚಿನ ಸಂದಿಯಿಂದ ಗಂಜಿ ಒಲೆಯ ಹೊಗೆ ಎದ್ದಿತು,
ಕಪ್ಪಲ್ಲ, ಬಿಳಿಯೂ ಅಲ್ಲ,
ಆದರೂ ನಾವೆಲ್ಲ ಕತ್ತೆತ್ತಿ ನೋಡಿದೆವು.

ಕರೆದಾಗ ಚೀಟಿ ಎರಡು ಮಡಿಕೆಯಾಗಿತ್ತು,
ಅಂಚಿಗೆ ಅಂಚು, ಪೀಠದ ವಸ್ತ್ರದಂತೆ.
"ಎಂಬತ್ತು ತುಂಬಿದವರಿಗೆ ಅಲ್ಲಿ ಓಟಿಲ್ಲ.
ಇಲ್ಲಿ ಪ್ರಾಯ ಆಯಿತೆಂದೇ ಪೆಟ್ಟಿಗೆ ಗುಡ್ಡ ಹತ್ತುತ್ತದೆ.
ಯಾವುದು ಸರಿಯೋ." ಸ್ವಲ್ಪ ತಡೆದು,
"ಸೂಜಿ ತಂದಿದ್ದೀರಾ?"

ಇಲ್ಲ ಬಾಯಿ, ಲಕೋಟೆಗೆ ಅಂಟು ಹಚ್ಚುವುದು.

"ಅಂಟಾ!" ಅಷ್ಟು ಹೊತ್ತಿಗೆ ಮೊದಲ ಬಾರಿ ಬೇಸರಿಸಿದರು.
ಅರ್ಧ ಮೆಟ್ಟಿಲು ಇಳಿದಿದ್ದೆ, ಮೇಲಿಂದ ಧ್ವನಿ:
"ಅಂಟಿಗೆ ಇರುವೆ ಬರ್ತದೆ ಮಾಷ್ಟ್ರೇ,
ಜಾಗ್ರತೆ!"