ಪೂರ್ವಾನುಭವ, ಇದ್ದಲ್ಲಿ

ಚಿಕ್ಕಮಗಳೂರಿನ ಸೈನಿಕ ಕಲ್ಯಾಣದ ಕಚೇರಿಯಲ್ಲಿ
ಕುಂಟುವ ಫ್ಯಾನಿನ ಕೆಳಗೆ ನನ್ನ ಮೇಜು.
ಎದುರು ಬಂದವರು ಪೂರ್ತಿ ಕೂರುವುದಿಲ್ಲ.
ಕುರ್ಚಿಯ ತುದಿಯಲ್ಲಿ, ಬೆನ್ನು ನೆಟ್ಟಗೆ,
ಯಾರೋ ಹೆಸರು ಕೂಗುತ್ತಾರೆ ಎಂಬಂತೆ.
ಸಿಗ್ನಲ್ಸ್ ಬಿಟ್ಟು ಬಂದ ಮೊದಲೆರಡು ವರ್ಷ
ನಾನೂ ಹಾಗೇ ಕೂರುತ್ತಿದ್ದೆ, ಮನೆಯ ಊಟಕ್ಕೂ.

ಮರುಳಸಿದ್ದಪ್ಪ ಕಡೂರಿನ ಕಡೆಯವನು,
ಹದಿನೇಳು ವರ್ಷ ಸ್ಯಾಪರ್.
ಡಿಸ್ಚಾರ್ಜ್ ಪುಸ್ತಕವನ್ನು ಕವರಿನಲ್ಲಿ, ಕವರನ್ನು ಟವೆಲಿನಲ್ಲಿ,
ಟವೆಲನ್ನು ಬುತ್ತಿಚೀಲದಲ್ಲಿ ಸುತ್ತಿ ತಂದಿದ್ದ.
"ಏನಾದ್ರೂ ಇದ್ಯಾ ಸಾರ್?"
ಇತ್ತು. ಬ್ಯಾಂಕಿನ ಬಾಗಿಲು, ಎಟಿಎಮ್ಮಿನ ಬಾಗಿಲು,
ಬಟ್ಟೆ ಅಂಗಡಿಯ ಗಾಜಿನ ಬಾಗಿಲು.
ಅದರಡಿಯಲ್ಲಿ ಅರಣ್ಯ ಇಲಾಖೆಯ ಒಂದು ಹಾಳೆ:
ಬಾಸೂರು ಕಾವಲಿಗೆ ಕಾವಲುಗಾರರು, ಹೊರಗುತ್ತಿಗೆ,
ಮಾಜಿ ಸೈನಿಕರಿಗೆ ಆದ್ಯತೆ.
ಕಾವಲಿಗೇ ಕಾವಲಾ, ಅಂತ ನಕ್ಕ.
ಆ ದಿನ ಅವನು ನಕ್ಕಿದ್ದು ಅದೊಂದೇ.

ಕಾಲಂ ಒಂಬತ್ತು. ಪೂರ್ವಾನುಭವ, ಇದ್ದಲ್ಲಿ.
ಪೆನ್ನು ಹಿಡಿದು ಬಹಳ ಹೊತ್ತು ಕೂತ.
"ಇಲ್ಲ ಅಂತ ಬರೀಲಾ?"
ಪೆನ್ನು ಕಸಿದುಕೊಂಡೆ.
ಹೇಳು, ಅಲ್ಲಿ ಏನು ಮಾಡ್ತಿದ್ದೆ?
"ನೆಲ ನೋಡ್ತಿದ್ದೆ."
ನೋಡೋದು ಅಂದ್ರೆ?
"ನಿನ್ನೆ ಇದ್ದಂಗೇ ಇವತ್ತೂ ಐತಾ ಅಂತ.
ಹುಲ್ಲು ಯಾವ ಕಡೆ ಮಲಗೈತೆ, ಮಣ್ಣು ಹೊಸದಾ ಹಳೇದಾ.
ಒಂದು ಹೆಜ್ಜೆಗೆ ಅರ್ಧ ಗಂಟೆ ಹಿಡಿದದ್ದೂ ಉಂಟು."
ಬರೆದೆ: ನೆಲ ಓದಬಲ್ಲರು.
"ಹೂತಿಟ್ಟದ್ದು ಎಲ್ಲೆಲ್ಲಿ ಅಂತ ನಕ್ಷೆ ಬರೀತಿದ್ವಿ.
ಒಂದೂ ಬಿಡಂಗಿಲ್ಲ. ಬಿಟ್ರೆ ನಮ್ಮೋರೇ ಹೋಗ್ತಾರೆ."
ಬರೆದೆ: ಅಡಗಿದ್ದನ್ನು ಗುರುತಿಸಬಲ್ಲರು.
ಹೋದ ಒಬ್ಬನ ಹೆಸರು ಹೇಳಿದ.
ಅದಕ್ಕೆ ಕಾಲಂ ಇರಲಿಲ್ಲ.

ಅವನ ಜೊತೆ ಸೇರಿದ ಆಲ್ದೂರಿನ ಲಾರೆನ್ಸ್ ಪಿಂಟೊ
ಒಂಬತ್ತೇ ದಿನಕ್ಕೆ ವಾಪಸ್ಸು ಬಂದ.
"ಅಷ್ಟಗಲ ಬಯಲು, ಒಂದು ಸದ್ದಿಲ್ಲ ಸಾರ್.
ಸದ್ದಿಲ್ಲದಾಗಲೇ ನಂಗೆ ಎಲ್ಲಾ ಕೇಳ್ತದೆ."
ಈಗ ಎಂ.ಜಿ. ರಸ್ತೆಯ ಎಟಿಎಮ್ಮಿನಲ್ಲಿದ್ದಾನೆ.
ಎಸಿ ಗುಂಯ್ ಅಂತದಂತೆ, ಕಣ್ಣು ಹತ್ತುತ್ತದಂತೆ.
ಆ ಅರ್ಜಿಯನ್ನೂ ಬರೆದವನು ನಾನೇ.

ಮೊದಲ ವಾರವೇ, ಕಾರೆ ಮುಳ್ಳಿನ ಬುಡದಲ್ಲಿ,
ಮರುಳಸಿದ್ದಪ್ಪನಿಗೆ ಒಂದು ಉರುಳು ಸಿಕ್ಕಿತು.
ಬೈಕಿನ ಕ್ಲಚ್ ವೈರು, ಕೃಷ್ಣಮೃಗದ ಮೊಣಕಾಲಿನ ಎತ್ತರಕ್ಕೆ.
ಇವನು ಹೊಟ್ಟೆಯ ಮೇಲೆ ಮಲಗಿ,
ಉಸಿರು ಬಿಗಿಹಿಡಿದು, ಬೆರಳಿಂದ ಸುತ್ತಲ ಮಣ್ಣು ಸರಿಸತೊಡಗಿದನಂತೆ.
ಬೀಟ್ ಗಾರ್ಡ್ ಪುಷ್ಪಾಬಾಯಿ ನಕ್ಕಳು:
"ಅದು ಸಿಡಿಯಲ್ಲ ಅಣ್ಣ, ಕಿತ್ತು ಬಿಸಾಕು."
"ಯಾರ ಕಾಲಾದ್ರೂ ಕಾಲೇ ಅಲ್ವಾ ತಾಯಿ" ಅಂದನಂತೆ,
ಎದ್ದದ್ದು ಇಪ್ಪತ್ತು ನಿಮಿಷದ ಮೇಲೆ.
ಮಾರನೆಯ ದಿನದಿಂದ
ಅವಳೂ ಬಗ್ಗಿ ನಡೆಯುತ್ತಾಳೆ.

ಸಂಬಳ? ಮೂರು ತಿಂಗಳಿಗೊಮ್ಮೆ, ಏಜೆನ್ಸಿಯವರು ಮುರಿದುಕೊಂಡು.
ಪತ್ರ ಬರೆದಿದ್ದೇನೆ. ಮತ್ತೆ ಬರೆಯುತ್ತೇನೆ.
ಬೂಟು ಮಾತ್ರ ಅವನವೇ, ಸೈನ್ಯದವು,
ಅಂಗಾಲಿನಲ್ಲಿ ಸವೆದು ಈಗ ಹುಲ್ಲಿನ ತೆನೆ ಚುಚ್ಚುತ್ತದೆ.

ನವೆಂಬರಿನಲ್ಲಿ ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ
ಬ್ಯಾಂಕು ಬಿಟ್ಟು ನನ್ನ ಹತ್ತಿರವೇ ಬರುತ್ತಾನೆ.
ಈ ಸಲ ಕುರ್ಚಿಗೆ ಒರಗಿ ಕೂತ.
ಸುರುಳಿ ಸುತ್ತಿದ ಒಂದು ವೈರನ್ನು ಮೇಜಿನ ಮೇಲಿಟ್ಟ,
ನಿಮ್ಮ ಕಾಗದ ಹಾರದಿರಲಿ ಅಂತ.
ಎಷ್ಟಾಯ್ತು?
"ನಲವತ್ತೊಂದು. ನಕ್ಷೆ ಮಾಡಿ ಕೊಟ್ಟಿದೀನಿ ರೇಂಜರ್‌ಗೆ."

ಮೊಹರು ಹುಡುಕುತ್ತಿದ್ದೆ. ಅವನು ದನಿ ತಗ್ಗಿಸಿದ.
"ನಿನ್ನೆ ಸಂಜೆ ಒಂದು ಈದೈತೆ ಸಾರ್.
ಮರೀನ ಹುಲ್ಲಲ್ಲಿ ಅಡಗಿಸಿಟ್ಟು ತಾಯಿ ದೂರ ಹೋಗಿ ಮೇಯ್ತೈತೆ,
ಅಲ್ಲೇನೂ ಇಲ್ಲ ಅನ್ನೋ ಥರ.
ನಾನೂ ಹಂಗೇ ದಾಟಿ ಬಂದೆ."

ಎಲ್ಲಿ?

ಕಿಟಕಿಯ ಕಡೆ ತಿರುಗಿದ.
"ಅದನ್ನ ಬರ್ಕೊಂಡಿಲ್ಲ ಸಾರ್."