ಸಗಟು ಲೆಕ್ಕ

ಮಂಡ್ಯದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಮಗ್ಗುಲಿಗೆ
ಮೂರಡಿ ಜಾಗ. ಒಂದು ಕಂಪ್ಯೂಟರು, ಎರಡು ಸ್ಟೂಲು.
ಈ ಸಾಲಿನಲ್ಲಿ ಹತ್ತೂ ಬೆರಳಿಂದ ಟೈಪು ಮಾಡುವವನು ನಾನೊಬ್ಬನೇ.
ಪುಟಕ್ಕೆ ಮೂವತ್ತು ರೂಪಾಯಿ, ತಿದ್ದಿದ್ದಕ್ಕೆ ಕಾಸಿಲ್ಲ.

ಹೊಂಬಾಳಮ್ಮ ಬಂದದ್ದು ಸೋಮವಾರ
ವಕೀಲರ ಚೀಟಿಯನ್ನು ಎಡಗೈಲಿ ಹಿಡಿದು.
ಬಲಗೈ ಸೆರಗಿನೊಳಗಿತ್ತು.

ಎಲ್ಲಮ್ಮಾ ಆದದ್ದು?
"ಆಲೆಮನೇಲಿ ಸಾಮಿ. ಗಾಣಕ್ಕೆ ಕಬ್ಬು ಕೊಡ್ತಿದ್ದೆ.
ಒಂದು ಜಲ್ಲೆ ಸೊಟ್ಟಗಿತ್ತು. ತಳ್ಳುದೆ.
ಅದು ನನ್ನೂ ಕರ್ಕೊಂಡು ಹೊಂಟೋಯ್ತು."

ಗಾಣದ ಬಾಯಿಗೆ ತಗಡಿನ ಮರೆ ಇರಲಿಲ್ಲವೇ?
"ಇತ್ತು. ಕಬ್ಬು ಬಿರ್ರನೆ ಹೋಗಕಿಲ್ಲ ಅಂತ
ಹೋದ್ ವರ್ಸ ಬಿಚ್ಚಿ ಕೋಳಿಗೂಡಿಗೆ ಬಾಗಲು ಮಾಡವ್ರೆ."
'ಯಂತ್ರಕ್ಕೆ ರಕ್ಷಣಾ ಕವಚ ಇರುವುದಿಲ್ಲ' ಎಂದು ಕುಟ್ಟಿದೆ.
ಕೋಳಿಗಳ ಕ್ಷೇಮ ಬರೆಯಲು ನಮೂನೆಯಲ್ಲಿ ಜಾಗವಿಲ್ಲ.

ನಿಲ್ಲಿಸುವ ಸ್ವಿಚ್ಚು?
"ಆಚೆ ಗೋಡೇಲಿ. ಸಾವ್ಕಾರ್ರು ಅಂಗಿ ನೇತಾಕೋ ಮೊಳೆ ಪಕ್ಕ.
ಹನ್ನೆರಡು ಹೆಜ್ಜೆ. ನನ್ನ ಸೊಸೆ ಓಡುದ್ಲು,
ಆಮೇಲೆ ನಾವೇ ಎಣಿಸಿದ್ದು."

ಮಾಲೀಕ ಚಿಕ್ಕಮರಿಗೌಡರ ಉತ್ತರವೂ ಕಡತದಲ್ಲಿತ್ತು:
'ಸದರಿ ಹೆಂಗಸು ನಮ್ಮ ಕೆಲಸದಾಳಲ್ಲ,
ಕಬ್ಬಿನ ಹಾಲು ಕುಡಿಯಲು ಬಂದಿದ್ದಳು.'
ಓದಿ ಹೇಳಿದೆ. ನಕ್ಕಳು.
"ಮೂರು ವರ್ಸ ಕುಡುದೆ ನೋಡಿ, ಕೋಳಿ ಕೂಗೋ ಮುಂಚಿಂದ."

ಆಲೆಮನೆಯ ಗೋಡೆಯೇ ಅವರ ಹಾಜರಿ ಪುಸ್ತಕ.
ದಿನಕ್ಕೊಂದು ಇದ್ದಿಲ ಗೆರೆ, ಆಳಿಗೊಂದು ಸಾಲು,
ಅವಳ ಸಾಲಿನ ತುದಿಗೆ ಒಂದು ಮೂಗುಬೊಟ್ಟಿನ ಗುರುತು.
ಆಸ್ಪತ್ರೆಗೆ ಹೋದ ಸಂಜೆಯೇ ತಂಗಿಯ ಮಗ ಕಿರಣ
ಯಾರ ಮಾತಿಗೂ ಕಾಯದೆ ಮೊಬೈಲಲ್ಲಿ ಫೋಟೊ ಹಿಡಿದ.
ಬೆಳಗ್ಗೆ ನೋಡಿದರೆ ಗೋಡೆಗೆ ಹೊಸ ಸುಣ್ಣ.
ಆ ಹುಡುಗ ಒಂಬತ್ತನೇ ಕ್ಲಾಸು ಫೇಲು.
ಅವನ ಫೋಟೊ ಈಗ ದಾಖಲೆ ಸಂಖ್ಯೆ ಮೂರು.

ಇನ್ನು ಕಾಯಿದೆಯ ಪಟ್ಟಿ.
ತೋರುಬೆರಳು ಪೂರಾ ಹೋದರೆ ನೂರಕ್ಕೆ ಹದಿನಾಲ್ಕು.
ನಡುಬೆರಳಿಗೆ ಹನ್ನೆರಡು.
ಒಂದೇ ಕೈಯ ಎರಡು ಒಟ್ಟಿಗೆ ಹೋದರೆ, ಇಪ್ಪತ್ತು.
ಬಾಯಲ್ಲೇ ಕೂಡಿ, ಕಳೆದು, ಹೊಂಬಾಳಮ್ಮ ಅಂದಳು:
"ಸಗಟಲ್ವಾ, ಅದ್ಕೇ ಕಮ್ಮಿ ಮಾಡವ್ರೆ."

ಅವಳು ಟೀಗೆ ಹೋದಾಗ ನಾನೊಂದು ಆಟ ಆಡಿದೆ.
ಆಟ ಅಂತಲೇ ಶುರುವಾದದ್ದು.
ಬಲಗೈಯ ಅವೆರಡು ಬೆರಳು ಮಡಚಿಕೊಂಡು,
ಯಾವ ಕೀಲಿಗೆ ಯಾವ ಬೆರಳೋ ಅದೇ, ಮೇಷ್ಟ್ರು ಕಲಿಸಿದ ಹಾಗೆ.
ಬೆಲ್ಲ ಬಂತು, ಒತ್ತಕ್ಷರ ಸಮೇತ.
ಬೆಲೆ ಬಂತು.
ನ್ಯಾಯ ಬರಲಿಲ್ಲ. ನ ಇಲ್ಲ, ಯ ಇಲ್ಲ,
ಅಂಟಲು ಅಕ್ಷರವಿಲ್ಲದ ದೀರ್ಘವೊಂದು ಪರದೆಯ ಮೇಲೆ ಒಂಟಿ.
ಅವಳ ಹೆಸರು ಕುಟ್ಟಿದೆ.
ಹೊನ್ನೂ ಇಲ್ಲ, ಅಮ್ಮನೂ ಇಲ್ಲ.
ನಡುವೆ ಉಳಿದದ್ದು: ಬಾಳ.

ಅಳಿಸಿದೆ.

ಸಹಿ ಹಾಕಲು ಬರುತ್ತಿತ್ತಂತೆ, ರಾತ್ರಿ ಶಾಲೆಯಲ್ಲಿ ಕಲಿತದ್ದು.
ಈಗ ಎಡ ಹೆಬ್ಬೆಟ್ಟು ಒತ್ತಿ,
ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.
ತೊಂಬತ್ತು ರೂಪಾಯಿ ಎಣಿಸಿ ಕೊಟ್ಟಳು. ಬೇಡವೆಂದೆ. ಕೇಳಲಿಲ್ಲ.

ಎದ್ದವಳು ನಿಂತೇ ಇದ್ದಳು, ನೆಲ ನೋಡುತ್ತ.
"ಈ ವೈರು ಸುಲ್ದದೆ ಸಾಮಿ. ತಾಮ್ರ ಕಾಣ್ತದೆ.
ಸ್ಟೂಲಿನ ಕಾಲು ಅದರ ಮ್ಯಾಲೇ ಅದೆ."

ಆರು ತಿಂಗಳಿಂದ ಗೊತ್ತಿತ್ತು ನನಗೆ.
ದಾಟಿಕೊಂಡು ಓಡಾಡುತ್ತಿದ್ದೆ.
ಇವತ್ತು ಸುತ್ತಿಸುತ್ತೀನಮ್ಮಾ ಎಂದೆ.

ಅವಳು ಹೋಗಲಿಲ್ಲ.
ಬಲಗೈ ಸೆರಗಿನಿಂದ ಆಚೆ ತೆಗೆದು
ಇಲ್ಲದ ಬೆರಳಲ್ಲಿ ತೋರಿಸಿದಳು,
ರಸ್ತೆಯಾಚೆಯ ಎಲೆಕ್ಟ್ರಿಕ್ ಅಂಗಡಿಯ ಕಡೆಗೆ.