ನೂರಕ್ಕ ಏಳು ಎಳಿ

ಆರು ತಿಂಗಳ ಕೂಸು ಬನವ್ವ
ನಿದ್ದಿಯಿಂದ ಎದ್ದ ಗಳಿಗಿಗೆ ಎರಡೂ ಕೈ ಮುಂದ ಚಾಚಿ
ತಲಿ ಬಾಗಿಸತಿತ್ತು. ಮತ್ತ ಬಾಗಿಸತಿತ್ತು.
"ಯಾವ ಜನ್ಮದ ಭಕ್ತಿನೋ," ಅಂದ್ಳು ಅತ್ತಿ ಚೌಡವ್ವ,
ದೇವರ ಮಾಡದ ಕಡೆ ಮುಖ ಮಾಡಿ ಕೂಡಿಸಿದ್ಳು.
ನಾವೂ ನಕ್ಕಿವಿ.
ಅದು ಫಿಟ್ಸ್ ಅಂತ ತಿಳಿಯಾಕ
ಹದಿನೇಳು ದಿನ ಹೋದುವು. ಇನ್ನೂ ಎಣಸತೀನಿ.

ಬಾಗಲಕೋಟಿ ದವಾಖಾನಿ. ಚರ್ಮದ ಡಾಕ್ಟರು
ಕಿಡಕಿ ಮುಚ್ಚಿಸಿ ಲೈಟ್ ಆರಿಸಿದ್ರು,
ಕೈಯಾಗ ನೇರಳಿ ಬೆಳಕಿನ ದೀಪ.
ದಿನಾ ನಾ ಎಣ್ಣಿ ಹಚ್ಚಿ ಎರೆಯೋ ಮೈ,
ತೊಡಿ ಮ್ಯಾಲಿನ ಒಂದು ಬಿಳಿ ಮಚ್ಚಿ ಬಿಟ್ರ
ಏನೂ ಇರದ ಮೈ.
ಬೆನ್ನಿಗೆ ಮೂರು, ಪಕ್ಕಕ್ಕ ಎರಡು, ಮೊಣಕಾಲ ಹಿಂದ ಒಂದು
ಎಲಿ ಎದ್ದು ನಿಂತುವು.
ಪುಸ್ತಕದಾಗ ಯಾವುದೋ ಥಂಡಿ ದೇಶದ ಗಿಡದ ಹೆಸರಂತ.
ನಮ್ಮ ಗುಳೇದಗುಡ್ಡದಾಗ ಆ ಗಿಡ ಇಲ್ಲ.
ಬೇವಿನ ಎಲಿ, ಅಂದೆ.
ಡಾಕ್ಟರು ತಡದು, "ಹೂಂ, ಹಾಂಗೂ ಅನಬಹುದು."

ಆಮ್ಯಾಲ, "ನಿನ್ನ ಚಪ್ಪಲಿ ಬಿಡವ್ವಾ."

ಎಡಗಾಲ ಕಿರಿಬೆರಳ ಉಗುರಿನ ಬುಡಕ್ಕ
ಜ್ವಾಳದ ಕಾಳಿನಂಥ ಎರಡು ಗಂಟು.
ಮಗ್ಗದ ಕುಣಿಯಾಗ ತುಳದು ತುಳದು ಬಂದಾವಂತ
ಎಷ್ಟೋ ವರ್ಷ ಸುಮ್ಮನಿದ್ದೆ.
ಸೊಂಟದ ಹಿಂದ ಕಿತ್ತಳಿ ಸಿಪ್ಪಿಯಂಥ ಅಂಗೈಯಗಲ ತೊಗಲು,
ಅದನ್ನ ನಾ ನೋಡಿರಲಿಲ್ಲ.
ಗಂಡ ನೋಡಿದ್ದ, ಹೇಳಿರಲಿಲ್ಲ.

ರಕ್ತ ಎಲ್ಲಿಗೋ ಹೋಗಿ ಕಾಗದ ಆಗಿ ಬಂತು.
ಕೂಸಿನ ಕಣಕಣದಾಗೂ ಐತಿ,
ನಿನ್ನ ರಕ್ತದಾಗ ನೂರಕ್ಕ ಏಳು, ಅಂದ್ರು.
ನಿಮ್ಮವ್ವನ ಹೊಟ್ಟಿಯಾಗ ನೀ
ಸಾಸಿವಿಗಿಂತ ಸಣ್ಣಾಕಿ ಇದ್ದಾಗ
ಒಂದು ಕಣ ತಪ್ಪು ನಕಲಾತು,
ಅದರ ಪೀಳಿಗಿ ಅಷ್ಟಽ ನಿನ್ನೊಳಗ ಅಲ್ಲಲ್ಲಿ ಹಬ್ಬೈತಿ.
ಯಾರ ತಪ್ಪೂ ಅಲ್ಲ.

ನೇಯೋ ಕೈಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ?
ಹಾಸಿನ್ಯಾಗ ಏಳು ಎಳಿ ಬ್ಯಾರೆ ಕೂಡಿದ್ರ
ಅಂಗಡಿ ಬೆಳಕಿಗೆ ಖಣ ಒಂದಽ ಬಣ್ಣ.
ಆ ಎಳಿ ಮ್ಯಾಲಽ ಕತ್ತರಿ ಬಿದ್ದು
ಸಿಕ್ಕ ತುಂಡು ನನ್ನ ಮಗಳು.

ಗ್ರಹಣ ಅಂತಿದ್ದ ಅತ್ತಿ
ಈಗ ಮಾತಾಡುವಾಗ ನನ್ನ ಕಾಲು ನೋಡತಾಳ.
ಹುಟ್ಟಿದಾಗಿಂದ ಓಣಿ ಅಂದದ್ದು:
ಅಪ್ಪನ ಮೂಗು, ಅಜ್ಜನ ಕಿವಿ,
ಅವ್ವನ್ದೇನೂ ಬಂದಿಲ್ಲ ಕೂಸಿಗೆ.

ಔಷಧ ಕುಡದು ಮಲಗಿದ ಬನವ್ವನ ಪಾದ
ರಾತ್ರಿ ನನ್ನ ಪಾದಕ್ಕ ಹಚ್ಚಿ ನೋಡಿದೆ.
ಹತ್ತೂ ಉಗುರು ನುಣ್ಣಗ ಅದಾವ. ಇನ್ನೂ.

ಮುಂಜಾನಿ ಕುಣಿಗೆ ಇಳದೆ.
ಮೊದಲ ತುಳಿತಕ್ಕ ಎಡಗಾಲು ತಡೀತು.
ಆಮ್ಯಾಲ ತುಳದೆ.